ಒದ್ದೆ ಹಲಗೆಯ ಮೇಲಿನ ಹೆಸರು

ಒದ್ದೆ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದದ್ದು ಕೂಡಲೇ ಕಾಣುವುದಿಲ್ಲ. ಬರೆದವರಿಗೇ ಕೈ ತಪ್ಪಿತೇನೋ ಎನ್ನಿಸುತ್ತದೆ. ಹಲಗೆ ಆರುತ್ತಾ ಬಂದಂತೆ ಅಕ್ಷರ ಬೆಳ್ಳಗಾಗುತ್ತದೆ. ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದ ನನಗೆ ಇದೇನು ಹೊಸ ಸಂಗತಿಯಲ್ಲ. ಆದರೂ ಶೇರಿಗಾರರು ಒದ್ದೆ ಬಟ್ಟೆಯಿಂದ ಒಂದು ಹೆಸರನ್ನು ಒರಸಿ ಇನ್ನೊಂದನ್ನು ಬರೆದಾಗಲೆಲ್ಲ, ಹೊಸ ಹೆಸರು ಪೂರ್ತಿ ಕಾಣಿಸುವ ತನಕ ನಾನು ಕಣ್ಣು ತೆಗೆಯುತ್ತಿರಲಿಲ್ಲ. ನನ್ನ ಹೆಸರು ಹಾಗೆ ಒರಸಿಹೋಗುವ ದಿನ ಬರಬಾರದು ಎಂಬುದೊಂದೇ ನನ್ನ ಮನಸ್ಸಿನಲ್ಲಿರುತ್ತಿತ್ತು.

ವಾಚನಾಲಯದ ಹಿಂದಿನ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ನಾವು ಏಳೆಂಟು ಜನ ಸೇರುತ್ತಿದ್ದೆವು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ, ಬಿಚ್ಚಿ ನೋಡಿ ತಿದ್ದಲೂಬಹುದಾದ ಕಂಪ್ಯೂಟರ್ ತಂತ್ರಾಂಶಗಳನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಸಂಬಳವಿಲ್ಲ, ಕೇಳುವವರೂ ಇಲ್ಲ. ಒಂದೊಂದು ತಂತ್ರಾಂಶವನ್ನೂ ಕಟ್ಟಿ ಜನರ ಕೈಗೆ ಸಿಗುವಂತೆ ಮಾಡಿದರೆ ಅದೊಂದು ಪ್ಯಾಕೇಜ್. ಅದರಲ್ಲಿ ತಪ್ಪು ಕಂಡರೆ ತಿದ್ದಬೇಕು. ಅದು ಆತುಕೊಂಡಿರುವ ಇನ್ನೊಂದು ಪ್ಯಾಕೇಜ್ ಬದಲಾದರೆ ಇದನ್ನೂ ಬದಲಿಸಬೇಕು. ಬಳಸುವವರ ಪತ್ರಗಳಿಗೆ ಉತ್ತರ ಬರೆಯಬೇಕು. ಪ್ರತಿಯೊಂದಕ್ಕೂ ಒಬ್ಬರು ಹೊಣೆಗಾರರು. ಐವತ್ತಕ್ಕೆ ಮಿಕ್ಕಿದ ಪ್ಯಾಕೇಜುಗಳ ಹೆಸರು, ಅವುಗಳೆದುರು ಹೊಣೆಗಾರರ ಹೆಸರು, ಎಲ್ಲವೂ ಗೋಡೆಯ ಕರಿಹಲಗೆಯ ಮೇಲೆ ಇರುತ್ತಿದ್ದವು.

ಎಲ್ಲರನ್ನೂ ಹೊಂದಿಸಿಕೊಂಡು ಹೋಗುತ್ತಿದ್ದವರು ಶೇರಿಗಾರರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಆರು ತಿಂಗಳಿಗೊಮ್ಮೆ ಅವರು ಹಲಗೆಯ ಎದುರು ನಿಂತು ಒಂದೊಂದೇ ಪ್ಯಾಕೇಜಿನ ಹೆಸರು ಕೂಗುತ್ತಿದ್ದರು. ಹೊಣೆಗಾರರು "ಉಂಟು" ಅನ್ನಬೇಕು. ಮೂರು ಸಲ ಕೂಗಿದರೂ ಸದ್ದಿಲ್ಲದಿದ್ದರೆ ಹೆಸರು ಒರಸಿ ಆ ಜಾಗದಲ್ಲಿ 'ಅನಾಥ' ಎಂದು ಬರೆಯುವರು. ಆಮೇಲೆ ಬೇಕಾದವರು ಎತ್ತಿಕೊಳ್ಳಬಹುದು. ಇನ್ನೊಂದು ಕಟ್ಟಳೆಯೂ ಇತ್ತು: ಒಬ್ಬರ ಹೆಸರಿರುವ ಪ್ಯಾಕೇಜಿಗೆ ಇನ್ನೊಬ್ಬರು ಕೇಳದೆ ಕೈ ಹಾಕುವಂತಿಲ್ಲ.

ನನ್ನದು ಒಂದೇ ಪ್ಯಾಕೇಜ್, ನೀರುಗಂಟೆ. ನದಿ ಕಡಲು ಸೇರುವ ನಮ್ಮ ಅಳಿವೆಯಲ್ಲಿ ಸಮುದ್ರದ ನೀರು ಯಾವ ಹೊತ್ತಿಗೆ ಏರುತ್ತದೆ, ಯಾವ ಹೊತ್ತಿಗೆ ಇಳಿಯುತ್ತದೆ ಎಂದು ಲೆಕ್ಕ ಹಾಕಿ ಹೇಳುವ ತಂತ್ರಾಂಶ ಅದು. ದೋಣಿಯವರು, ಕಡವಿನಲ್ಲಿ ಜನರನ್ನು ದಾಟಿಸುವವರು, ಚಿಪ್ಪಿ ಆಯುವವರು ಅದನ್ನು ನೋಡಿಯೇ ಹೊರಡುತ್ತಿದ್ದರು. ಹನ್ನೊಂದು ವರ್ಷ ನಾನೇ ನೋಡಿಕೊಂಡಿದ್ದೆ. ಮದುವೆ ಗಿದುವೆ ಅಂತ ಆಗದ ನನಗೆ ಹಲಗೆಯ ಮೇಲಿನ ಆ ಒಂದು ಸಾಲು ಎಷ್ಟು ದೊಡ್ಡದಾಗಿತ್ತೆಂದು ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ.

ಅಲ್ಲಿಗೆ ಸುಗಂಧಿ ಬಂದಳು.

ಐಸ್ ಪ್ಲಾಂಟಿನ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ, ಮೀನು ಹಿಡಿಯುವ ಮೊಗವೀರರ ಹುಡುಗಿ. ಅದಕ್ಕೂ ಮೊದಲು ನನ್ನ ವಿದ್ಯಾರ್ಥಿನಿ. ಹತ್ತನೆಯ ತರಗತಿಯಲ್ಲಿ ಗಣಿತಕ್ಕೆ ಮೂವತ್ತಾರು ಅಂಕ. ತರಗತಿಗೆ ತಡವಾಗಿ ಬಂದು ಬಾಗಿಲ ಹೊರಗೆ ನಿಂತದ್ದೇ ಹೆಚ್ಚು. ನಿಲ್ಲಿಸಿದವಳು ನಾನೇ. ಈಗ ಮೂವತ್ತರ ಹತ್ತಿರವಾಗಿತ್ತು. ಮೊದಲ ದಿನ ನನ್ನನ್ನು ಕಂಡವಳೇ ಎದ್ದು ನಿಂತು, "ಟೀಚರ್, ನನ್ನ ಗುರ್ತ ಸಿಕ್ತಾ?" ಎಂದಳು.

"ಸಿಗದೆ ಏನು. ಕೂತ್ಕೋ," ಎಂದೆ.

ಅವಳು ಕೂತಳು, ಆದರೆ ಸುಮ್ಮನೆ ಕೂರಲಿಲ್ಲ. ಮೊದಲ ಕೂಗಿನಲ್ಲೇ ನಾಲ್ಕು ಅನಾಥ ಪ್ಯಾಕೇಜುಗಳನ್ನು ಎತ್ತಿಕೊಂಡಳು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎಂದು ನಾನು ಪಕ್ಕದವರಿಗೆ ಕೇಳಿಸುವಂತೆಯೇ ಹೇಳಿದೆ. ಆರು ತಿಂಗಳಲ್ಲಿ ನಾಲ್ಕು ಒಂಬತ್ತಾಯಿತು. ಅಗಸನ ಕೈ ಸೋಲಲಿಲ್ಲ. ವರ್ಷಗಟ್ಟಲೆ ಕೊಳೆಯುತ್ತಿದ್ದ ದೂರುಗಳು ಒಂದೊಂದಾಗಿ ತೀರಿದವು. ಯಾವುದಾದರೂ ತೊಡಕು ಬಂದರೆ ಶೇರಿಗಾರರು ಮೊದಲೆಲ್ಲ ನನ್ನ ಕಡೆ ತಿರುಗಿ "ಟೀಚರ್ ಎಂತ ಹೇಳ್ತೀರಿ?" ಎನ್ನುತ್ತಿದ್ದವರು, ಈಗ "ಸುಗಂಧಿ, ಎಂತ ಮಾಡುವ?" ಎನ್ನತೊಡಗಿದರು. ಆಮೇಲೆ ನೆನಪಾದವರಂತೆ ನನ್ನತ್ತ ನೋಡುತ್ತಿದ್ದರು. ಆ ಆಮೇಲಿನ ನೋಟ ನನಗೆ ಬೇಡವಾಗಿತ್ತು.

ಹೊಟ್ಟೆಕಿಚ್ಚು. ಬೇರೆ ಹೆಸರೇಕೆ ಕೊಡಲಿ? ಹಲಗೆಯ ಮೇಲೆ ಅವಳ ಹೆಸರು ಎಷ್ಟು ಸಲ ಇದೆ ಎಂದು ಪ್ರತಿ ಭಾನುವಾರ ಎಣಿಸುತ್ತಿದ್ದೆ. ಅವಳು ಮಾತನಾಡುವಾಗ ತಪ್ಪಿಗಾಗಿ ಕಾಯುತ್ತಿದ್ದೆ, ಸಿಕ್ಕರೆ ಎಲ್ಲರೆದುರು ತಿದ್ದುತ್ತಿದ್ದೆ. "ಹೌದು ಟೀಚರ್, ತಪ್ಪಾಯ್ತು," ಎಂದು ಅವಳು ಬರೆದುಕೊಳ್ಳುತ್ತಿದ್ದಳು. ಒಂದು ಸಲವಾದರೂ ಎದುರು ಮಾತಾಡಿದ್ದರೆ ನನ್ನ ಹೊಟ್ಟೆ ಸ್ವಲ್ಪ ತಣ್ಣಗಾಗುತ್ತಿತ್ತೇನೋ.

ಆ ದಿನಗಳಲ್ಲಿ ನನಗೆ ಧೈರ್ಯ ಕೊಡುತ್ತಿದ್ದದ್ದು ಒಂದೇ, ಮೂರನೆಯ ಕಂಬ ಎಂಬ ಹೆಸರಿನವರ ಈಮೇಲ್. ಯಾರೋ ಬಳಸುವವರು. ಗಂಡಸೋ ಹೆಂಗಸೋ ಗೊತ್ತಿಲ್ಲ. ನಾಲ್ಕು ವರ್ಷಗಳಿಂದ ತಿಂಗಳಿಗೊಮ್ಮೆ ಬರೆಯುತ್ತಿದ್ದರು. ದೋಣಿ ಕಟ್ಟುವ ಹಳೆಯ ಜೆಟ್ಟಿಯ ಮೂರನೆಯ ಕಂಬದ ಬಳಿ ನೀರು ನಿಜವಾಗಿ ಯಾವಾಗ ಏರಿತು, ನೀರುಗಂಟೆ ಹೇಳಿದ್ದು ಯಾವಾಗ, ಎಷ್ಟು ನಿಮಿಷದ ಅಂತರ, ಎಲ್ಲಿ ಏನು ತಿದ್ದಿದರೆ ಸರಿಹೋದೀತು — ಎಲ್ಲ ಅಚ್ಚುಕಟ್ಟು. ನಾನು ತಿದ್ದುಪಡಿಯನ್ನು ಹಾಗೇ ಎತ್ತಿ ಸೇರಿಸುತ್ತಿದ್ದೆ. ಕೆಳಗೆ ನನ್ನ ಹೆಸರು. 'ನನ್ನ ಹೆಸರು ಬೇಡ' ಎಂದು ಅವರೇ ಬರೆದಿದ್ದರಲ್ಲ. "ನನಗೊಬ್ಬರು ಬಳಸುವವರಿದ್ದಾರೆ, ಅಂಥವರು ಯಾರಿಗೂ ಇಲ್ಲ," ಎಂದು ಸುಗಂಧಿಯ ಎದುರೇ ಒಮ್ಮೆ ಜಂಬ ಕೊಚ್ಚಿದೆ. ಅವಳು ತಲೆ ತಗ್ಗಿಸಿದಳು. ಚುಚ್ಚಿತು ಎಂದು ಖುಷಿಪಟ್ಟೆ.

ಆ ವರ್ಷ ನಮ್ಮ ಎಲ್ಲ ಪ್ಯಾಕೇಜುಗಳನ್ನೂ ಸೇರಿಸಿದ ಹೊಸ ಆವೃತ್ತಿ ಬಿಡುಗಡೆಯಾಗುವುದಿತ್ತು. ನೀರುಗಂಟೆ ಆತುಕೊಂಡಿದ್ದ ಗಣಿತದ ಪ್ಯಾಕೇಜ್ ಪೂರಾ ಬದಲಾಗಿತ್ತು. ಇಪ್ಪತ್ತು ದಿನದೊಳಗೆ ನೀರುಗಂಟೆಯನ್ನು ಅದಕ್ಕೆ ಹೊಂದಿಸದಿದ್ದರೆ ಬಿಡುಗಡೆಯಿಂದ ಹೊರಗೆ ಹಾಕುತ್ತಾರೆ. ಕೂತೆ, ಓದಿದೆ, ತಲೆಬುಡ ತಿಳಿಯಲಿಲ್ಲ. ಸುಗಂಧಿ ಬಂದು ಮೆಲ್ಲಗೆ, "ಟೀಚರ್, ನೀರುಗಂಟೆಗೆ ಬೇಕಾದ್ದು ನಾನು ಮಾಡಿ ನಿಮ್ಗೆ ಕಳಿಸಿದ್ದೇನೆ. ಸರಿ ಉಂಟಾ ನೋಡಿ, ಸೇರಿಸ್ತೀರಾ?" ಎಂದಳು.

"ನನ್ನ ಹೆಸರು ಹಲಗೆಯಲ್ಲಿ ಕಾಣ್ತದಲ್ಲ ನಿಂಗೆ? ಹೇಳಿದಾಗ ಮಾಡಿದ್ರೆ ಸಾಕು," ಎಂದೆ.

ಅವಳು ಕಳಿಸಿದ್ದನ್ನು ತೆರೆದೂ ನೋಡಲಿಲ್ಲ. ತಾನೂ ತಿನ್ನ, ಪರರಿಗೂ ಕೊಡ ಎಂಬ ಜಾತಿ ನನ್ನದು. ದಿನಗಳು ಕಳೆದವು. ಐದೇ ದಿನ ಉಳಿದಾಗ ಮೂರನೆಯ ಕಂಬಕ್ಕೆ ಬರೆದೆ. ಏನು ಬರೆದೆನೆಂಬುದು ಇಂದಿಗೂ ಬಾಯಿಪಾಠ ಇದೆ: 'ನಮ್ಮ ಗುಂಪಿಗೆ ಒಬ್ಬಳು ಸೇರಿಕೊಂಡಿದ್ದಾಳೆ. ಶಾಲೆಯಲ್ಲಿ ಗಣಿತಕ್ಕೆ ಮೂವತ್ತಾರು ತೆಗೆದವಳು. ಕಂಡದ್ದೆಲ್ಲ ತನ್ನದಾಗಬೇಕು ಎಂಬ ಬುದ್ಧಿ. ನನ್ನ ನೀರುಗಂಟೆಯನ್ನು ಕಸಿದುಕೊಳ್ಳಲು ಕಾದಿದ್ದಾಳೆ. ನೀವು ಈ ಒಂದು ತಿದ್ದುಪಡಿ ಮಾಡಿಕೊಟ್ಟರೆ ಅವಳ ಕೈಗೆ ಸಿಗದಂತೆ ಉಳಿಸಿಕೊಳ್ಳುತ್ತೇನೆ.'

ಯಾವಾಗಲೂ ಮರುದಿನವೇ ಉತ್ತರಿಸುವವರು ಆ ಸಲ ಮೂರು ದಿನ ತೆಗೆದುಕೊಂಡರು. ನಾಲ್ಕನೆಯ ದಿನ ತಿದ್ದುಪಡಿ ಬಂತು. ಜೊತೆಗೆ ಒಂದು ಅಕ್ಷರವೂ ಇರಲಿಲ್ಲ. ಸೇರಿಸಿದೆ. ನೀರುಗಂಟೆ ಉಳಿಯಿತು. ಭಾನುವಾರ ಶೇರಿಗಾರರು, "ಟೀಚರ್ ಕಡೇ ಗಳಿಗೆಯಲ್ಲಿ ಮರ್ಯಾದೆ ಉಳಿಸಿದ್ರು ಮಾರಾಯ್ರೆ," ಎಂದು ಚಪ್ಪಾಳೆ ತಟ್ಟಿಸಿದರು. ಸುಗಂಧಿಯೂ ತಟ್ಟಿದಳು. ಹನ್ನೊಂದು ವರ್ಷದಲ್ಲಿ ನಾನು ಅಷ್ಟು ಹಿಗ್ಗಿದ್ದೇ ಇಲ್ಲ.

ಹಿಗ್ಗಿಗೂ ಹೊಟ್ಟೆ ತುಂಬಲಿಲ್ಲ. ಮೂರನೆಯ ಕಂಬವನ್ನು ಗುಂಪಿಗೇ ಕರೆತರಬೇಕು, ನನ್ನ ಕಡೆಯವರೆಂದು ಒಬ್ಬರಿರಲಿ, ಸುಗಂಧಿಯ ಮುಖ ಆಗ ನೋಡಬೇಕು ಎಂದು ಆಸೆಯಾಯಿತು. ವಿಳಾಸ ಕೇಳಿ ಬರೆದರೆ ಉತ್ತರವಿಲ್ಲ. ಒಂದು ಶನಿವಾರ ಶಾಲೆ ಬಿಟ್ಟವಳೇ ಹಳೆಯ ಜೆಟ್ಟಿಗೆ ಹೋದೆ. ಅಷ್ಟು ವರ್ಷ ನೀರಿನ ಲೆಕ್ಕ ಹಾಕಿದವಳು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು.

ನೀರು ಇಳಿದಿತ್ತು. ಮೂರನೆಯ ಕಂಬದ ಮೇಲೆ ಬಿಳಿ ಬಣ್ಣದ ಗೀಟುಗಳು, ಪಕ್ಕದಲ್ಲಿ ಸಣ್ಣ ಅಂಕಿಗಳು. ಕೆಸರಿನಲ್ಲಿ ಸೀರೆ ಎತ್ತಿಕಟ್ಟಿಕೊಂಡು ಚಿಪ್ಪಿ ಆಯುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ಸೊಂಟ ನೆಟ್ಟಗೆ ಮಾಡಿದಳು.

"ಇದನ್ನು ಬರೆದದ್ದು ಯಾರು?" ಎಂದು ಕೇಳಿದೆ.

"ನನ್ನ ಮಗಳು," ಎಂದಳು. ಹತ್ತಿರ ಬಂದು ನನ್ನ ಮುಖ ನೋಡಿದಳು. "ನೀವು ಗಣಿತದ ಟೀಚರ್ ಅಲ್ವಾ? ನಾನು ಸುಗಂಧಿಯ ಅಮ್ಮ."

ನಾನು ಕಂಬದ ಅಂಕಿಗಳತ್ತ ತಿರುಗಿದೆ. ಅವಳು ಮಾತು ಮುಂದುವರಿಸಿದಳು.

"ಶಾಲೆಗೆ ಹೋಗುವಾಗ್ಲೂ ನನ್ನ ಒಟ್ಟಿಗೆ ಬರ್ತಿದ್ಳು. ಇಳಿತ ಬೆಳಿಗ್ಗೆ ಬಂದ ದಿವ್ಸ ಶಾಲೆಗೆ ತಡ ಆಗ್ತಿತ್ತು. ನೀವು ಹೊರಗೆ ನಿಲ್ಲಿಸ್ತಿದ್ರಂತೆ," ಎಂದು ನಕ್ಕಳು. ಆ ನಗುವಿನಲ್ಲಿ ದೂರು ಇರಲಿಲ್ಲ. "ಹೊರಗೆ ನಿಂತ್ರೂ ಪಾಠ ಕೇಳ್ತದಮ್ಮ ಅಂತ ಹೇಳ್ತಿದ್ಳು. ನೀವು ಮಾಡಿದ ಆ ಕಂಪ್ಯೂಟರಿಂದು ಬಂದ ಮೇಲೆ ನಮ್ಗೆ ಸುಮ್ಮನೆ ಬಂದು ಕಾಯುದು ತಪ್ಪಿತು. ಟೀಚರ್ ಲೆಕ್ಕವೂ ನಮ್ಮ ನೀರೂ ಒಂದೇ ಆಗ್ಬೇಕು ಅಂತ ನಾಲ್ಕು ವರ್ಷದಿಂದ ಇಲ್ಲಿ ಗೀಟು ಹಾಕಿ ಬರೀತಾಳೆ. ನಿನ್ನ ಹೆಸ್ರು ಹಾಕು ಅಂದ್ರೆ, ನನ್ನ ಹೆಸ್ರು ಕಂಡ್ರೆ ಟೀಚರ್ ಓದ್ಲಿಕ್ಕಿಲ್ಲ ಅಂತಾಳೆ."

ಅವಳ ಹೆಸರಿನಲ್ಲಿ ಬಂದದ್ದನ್ನು ನಾನು ಓದಿರಲೂ ಇಲ್ಲ. ಅವಳಿಗೆ ನಾನು ಚೆನ್ನಾಗಿ ಗೊತ್ತಿದ್ದೆ.

"ಒಂದು ಮಾತು ಕೇಳ್ಬಹುದಾ ಟೀಚರ್?" ತಾಯಿ ಧ್ವನಿ ತಗ್ಗಿಸಿದಳು. "ಹೋದ ತಿಂಗಳು ನಿಮ್ಮದೊಂದು ಪತ್ರ ಬಂತು ಅಂದ್ಳು. ಅದು ಓದಿ ಎರಡು ದಿವ್ಸ ಸರಿಯಾಗಿ ಉಣ್ಲಿಲ್ಲ. ಕೇಳಿದ್ರೆ ಹೇಳುದಿಲ್ಲ. ಎಂತ ಬರ್ದಿದ್ರಿ?"

"ಕೆಲಸದ ವಿಷಯ," ಎಂದೆ.

ಮನೆಗೆ ಬಂದು, ಸುಗಂಧಿ ತನ್ನ ಹೆಸರಿನಲ್ಲಿ ಕಳಿಸಿದ್ದ ತಿದ್ದುಪಡಿಯನ್ನು ಮೊದಲ ಬಾರಿ ತೆರೆದೆ. ನಾನು ಸೇರಿಸಿ ಚಪ್ಪಾಳೆ ಗಿಟ್ಟಿಸಿದ್ದಕ್ಕೂ ಇದಕ್ಕೂ ಒಂದು ಚುಕ್ಕೆಯ ವ್ಯತ್ಯಾಸವಿರಲಿಲ್ಲ. ಆ ಪತ್ರ ಓದಿಯೂ ಅದನ್ನೇ ಮತ್ತೆ ಕಳಿಸಿದ್ದಳು. ಆಗ ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಮೊದಲು ಹೊಟ್ಟೆಕಿಚ್ಚೇ ಆಯಿತು ಎಂದರೆ ಸರಿ. ನಾಲ್ಕು ವರ್ಷದಿಂದ ನನ್ನ ಹೆಸರು ಉಳಿಸಿದ್ದು ಅವಳ ಕೈಕೆಲಸ. ಸಾಲದ್ದಕ್ಕೆ ಈ ದೊಡ್ಡಬುದ್ಧಿಯೂ ಅವಳದೇ. ನನಗೇನು ಉಳಿಯಿತು ಎಂದು ಕಂಪ್ಯೂಟರಿನ ಎದುರು ಕೂತು ಅತ್ತೆ.

ಮುಂದಿನ ಕೂಗು ಬರಲು ಎರಡು ತಿಂಗಳಿತ್ತು. ಅಷ್ಟೂ ದಿನ ಅವಳು ಎಂದಿನಂತೆ "ಟೀಚರ್" ಎನ್ನುತ್ತಿದ್ದಳು. ನಾನು ಅವಳ ಮುಖ ನೋಡುತ್ತಿರಲಿಲ್ಲ. ಯಾರಾದರೂ ಪತ್ರ ಎಂಬ ಮಾತೆತ್ತಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವ ಪಾಡು ನನ್ನದಾಗಿತ್ತು. ಮೂರನೆಯ ಕಂಬದಿಂದ ಮತ್ತೆ ಪತ್ರ ಬರಲಿಲ್ಲ.

ಕೂಗಿನ ದಿನ ಬಂತು. ಶೇರಿಗಾರರು ಒದ್ದೆ ಬಟ್ಟೆ ಹೆಗಲಿಗೆ ಹಾಕಿಕೊಂಡು ಶುರು ಮಾಡಿದರು. ಉಂಟು, ಉಂಟು ಎಂದು ಸಾಲುಗಳು ಇಳಿದವು.

"ನೀರುಗಂಟೆ."

ನಾನು ಸುಮ್ಮನಿದ್ದೆ. ಕೇಳಿಸಲಿಲ್ಲವೆಂದುಕೊಂಡು ಅವರು ಇನ್ನೊಮ್ಮೆ ಕೂಗಿದರು. ಸುಗಂಧಿ ನನ್ನ ಕಡೆ ಬಾಗಿ, "ಟೀಚರ್, ಉಂಟು ಅನ್ನಿ," ಎಂದು ಪಿಸುಗುಟ್ಟಿದಳು. ಮೂರನೆಯ ಕೂಗಿಗೆ ಶೇರಿಗಾರರ ಧ್ವನಿ ಸಣ್ಣದಾಗಿತ್ತು. ಕಾದರು. ಆಮೇಲೆ ಏನೂ ಕೇಳದೆ ನನ್ನ ಹೆಸರು ಒರಸಿದರು. ಒಂದೇ ಎಳೆತಕ್ಕೆ ಹೋಯಿತು.

"ಯಾರಿಗೆ ಬೇಕು?"

ಸುಗಂಧಿ ಕೈ ಎತ್ತುತ್ತಾಳೆಂದು ಎಲ್ಲರೂ ಅವಳತ್ತ ನೋಡಿದರು. ನಾನೂ ನೋಡಿದೆ. ಅವಳು ಎತ್ತಲಿಲ್ಲ. ಶೇರಿಗಾರರು, "ಎಂತ ಸುಗಂಧಿ, ನೀನು ಬಿಟ್ರೆ ಇದು ಇನ್ಯಾರಿಂದಾಗ್ತದೆ?" ಎಂದರು.

"ಬೇಡ ಸಾರ್," ಎಂದಳು. "ಬೇರೆಯವರದ್ದು ಕಸಿದುಕೊಂಡ ಹಾಗೆ ಆಗ್ತದೆ."

ಕಸಿದುಕೊಳ್ಳುವುದು ಎಂಬ ಆ ಮಾತು ನನ್ನ ಪತ್ರದ್ದು. ಕೋಣೆಯಲ್ಲಿ ಅದು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಸುಮ್ಮನೆ ಕೂತು ಬಿಟ್ಟುಕೊಟ್ಟರೆ ಎಲ್ಲ ತೀರಿತು ಎಂದುಕೊಂಡಿದ್ದೆ, ತೀರಲಿಲ್ಲ. ಎದ್ದು ನಿಂತೆ.

"ನೀರುಗಂಟೆಯ ಕೆಲಸ ನಾಲ್ಕು ವರ್ಷದಿಂದ ಸುಗಂಧಿಯದ್ದು. ಮೂರನೆಯ ಕಂಬ ಅಂದ್ರೆ ಇವಳೇ. ಬಿಡುಗಡೆಯ ಹೊತ್ತಿಗೆ ಉಳಿಸಿದ್ದೂ ಇವಳೇ, ಚಪ್ಪಾಳೆ ತಗೊಂಡದ್ದು ನಾನು. ಇವಳು ಕಸಿಯಲಿಕ್ಕೆ ಬಂದವಳು ಅಂತ ಬರೆದದ್ದೂ ನಾನೇ. ಇವಳಿಗೇ ಬರೆದೆ," ಎಂದೆ. ಅವಳ ಕಡೆ ತಿರುಗಿದೆ. "ಸುಗಂಧಿ, ನಾನಾಗಿ ಕೊಡ್ತಿದ್ದೇನೆ. ತಗೊಳ್ತೀಯಾ?"

ಅವಳು ತರಗತಿಯಲ್ಲಿ ಹಾಜರಿ ಕರೆದಾಗ ಏಳುತ್ತಿದ್ದ ಹಾಗೆ ಎದ್ದಳು. ಕಣ್ಣು ತುಂಬಿತ್ತು. ಹಲಗೆಯ ಕಡೆ ನೋಡಿದಳು.

"ನೀವೇ ಬರೆದ್ರೆ ತಗೊಳ್ತೇನೆ," ಎಂದಳು.

ಶೇರಿಗಾರರು ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟರು. ಸಾವಿರಾರು ಹೆಸರು ಬರೆದ ಕೈ. ಒರಸಿದ ಜಾಗ ಇನ್ನೂ ಆರಿರಲಿಲ್ಲ. ಬರೆದೆ, ನಾಲ್ಕು ಹೆಜ್ಜೆ ಹಿಂದೆ ಬಂದು ನಿಂತೆ. ಹಲಗೆಯ ಮೇಲೆ ಏನೂ ಇರಲಿಲ್ಲ. ನನ್ನದೂ ಇಲ್ಲ, ಅವಳದೂ ಇಲ್ಲ, ಬರೀ ಒದ್ದೆ. ಎಲ್ಲರೂ ಕಾದೆವು. ಕಿಟಕಿಯ ಕಡೆಯಿಂದ ಹಲಗೆ ಆರುತ್ತಾ ಬಂತು. ಮೊದಲು 'ಸು' ಕಂಡಿತು. ಸುಳ್ಳು ಹೇಳುವುದಿಲ್ಲ, ಆಗಲೂ ನನ್ನ ಹೊಟ್ಟೆಯಲ್ಲಿ ಚುರುಕ್ ಎಂದಿತು. ಆದರೂ ಕಣ್ಣು ತೆಗೆಯದೆ, ಕೊನೆಯ ಅಕ್ಷರ ಬೆಳ್ಳಗಾಗುವ ತನಕ ಅವಳ ಪಕ್ಕದಲ್ಲೇ ನಿಂತಿದ್ದೆ.