ನಿವೇಶನದ ಅರ್ಧ

ಹೊಲಿಗೆ ಯಂತ್ರವನ್ನು ಮೂವರು ಎತ್ತಿ ಹೊರಗಿಟ್ಟ ಮೇಲೆ ಮುಂದಿನ ಕೋಣೆಯಲ್ಲಿ ಶವಪೆಟ್ಟಿಗೆಗೆ ಜಾಗವಾಯಿತು. ಹತ್ತಡಿ ಉದ್ದ, ಎಂಟಡಿ ಅಗಲದ ಕೋಣೆ. ಈಗ ಪೆಟ್ಟಿಗೆಯಲ್ಲಿ ಮಲಗಿದ್ದವಳು ಮೂವತ್ತೊಂದು ವರ್ಷ ಬೀದಿಯವರ ಬಟ್ಟೆಯನ್ನೆಲ್ಲ ಹೊಲಿದದ್ದು ಅಲ್ಲೇ. ಬೀದಿಗೆಲ್ಲ ಆಕೆ ಟೇಲರಕ್ಕ.

ಆಕೆಯ ಗಂಡ, ನಿವೃತ್ತ ಬಸ್ ಚಾಲಕ, ಒಳಕೋಣೆಯಲ್ಲಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ.

“ಇವತ್ತೂ ಇಸ್ತ್ರಿನಾ ಅಪ್ಪಾ?” ಮಗಳು ಬಾಗಿಲಲ್ಲಿ ನಿಂತು ಕೇಳಿದಳು.

“ಹನ್ನೊಂದಕ್ಕೆ ನಗರಸಭೆಗೆ ಹೋಗ್ಬೇಕಲ್ಲ. ಸುಕ್ಕು ಅಂಗೀಲಿ ಹೋದ್ರೆ ನಿಮ್ಮಮ್ಮ ಸುಮ್ನೆ ಬಿಡ್ತಾಳಾ?”

ಟೇಲರಕ್ಕನ ಅಣ್ಣ ಅದನ್ನು ಕೇಳಿಸಿಕೊಂಡು ಎದ್ದು ಬಂದರು. “ಏನಯ್ಯಾ, ತಲೆ ನೆಟ್ಟಗಿದೆಯಾ? ಹೆಣ ಇಟ್ಕೊಂಡು ಯಾರಾದ್ರೂ ಮೀಟಿಂಗಿಗೆ ಹೋಗ್ತಾರಾ?”

“ಹೋಗ್ದಿದ್ರೆ ಅವಳ ಅರ್ಜಿ ಬಿದ್ದೋಗುತ್ತೆ, ಭಾವ.”

ನಗರಸಭೆಯ ನಿಯಮ ಸ್ಪಷ್ಟವಾಗಿತ್ತು. ಅರ್ಜಿದಾರರ ಹೆಸರನ್ನು ಮೂರು ಸಲ ಕೂಗುತ್ತಾರೆ. ಅರ್ಜಿದಾರರಾಗಲಿ, ಅದೇ ಮನೆಯಲ್ಲಿ ವಾಸವಿರುವ ಇನ್ನೊಬ್ಬರಾಗಲಿ ಎದ್ದು ನಿಲ್ಲದಿದ್ದರೆ ವಿಷಯ ಮತಕ್ಕೆ ಬರುವುದಿಲ್ಲ. ಮತ್ತೆ ತರಲು ಎರಡು ವರ್ಷ ಕಾಯಬೇಕು. ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಆ ಮನೆಯಲ್ಲಿ ಉಳಿದವನು ಆತನೊಬ್ಬನೇ.

ಅರ್ಜಿಯಲ್ಲಿದ್ದದ್ದು ಒಂದೇ ಬೇಡಿಕೆ: ಒಂದು ಕುಟುಂಬದ ಮನೆಯ ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣ ನಿವೇಶನದ ಅರ್ಧವನ್ನು ಮೀರಬಾರದು. ಬೀದಿಯ ತುದಿಯಲ್ಲಿ ಎರಡು ಪುಟ್ಟ ಮನೆ ಕೆಡವಿ ಮೂರಂತಸ್ತಿನ ಒಂದೇ ಮನೆ ಎದ್ದ ಮೇಲೆ ಪಕ್ಕದ ನರ್ಸಮ್ಮನ ಅಡುಗೆಮನೆಗೆ ಬಿಸಿಲು ಬೀಳುವುದು ನಿಂತಿತ್ತು. ಇನ್ನೂ ಐದು ಮನೆಗಳನ್ನು ಕೊಳ್ಳುವವರು ಬಂದು ನೋಡಿಕೊಂಡು ಹೋಗಿದ್ದರು.

“ನನ್ನ ಜಾಗದಲ್ಲಿ ಎಷ್ಟು ದೊಡ್ಡ ಮನೆ ಕಟ್ಕೋಬೇಕು ಅಂತ ನಗರಸಭೆ ಯಾಕೆ ಹೇಳ್ಬೇಕು?” ಎಂದರು ಅಣ್ಣ. ಅದೇ ಬೀದಿಯ ಮೂಲೆ ನಿವೇಶನ ಅವರದು. ಇಬ್ಬರು ಗಂಡುಮಕ್ಕಳೂ ಜೊತೆಗಿರಲೆಂದು ಮೂರಂತಸ್ತಿನ ನಕ್ಷೆ ಮಾಡಿಸಿದ್ದರು. ಈ ವಿಚಾರಕ್ಕೇ ಅಣ್ಣ ತಂಗಿ ಎಂಟು ತಿಂಗಳಿಂದ ಮಾತು ಬಿಟ್ಟಿದ್ದರು.

“ನಿಮ್ಮ ಮಾತಲ್ಲೂ ನ್ಯಾಯ ಇದೆ. ಅದನ್ನ ಅಲ್ಲಿಗೇ ಬಂದು ಹೇಳಿ,” ಎಂದ ಆತ, ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತ.

*

ಮೊದಲ ವಿಚಾರಣೆಯಲ್ಲಿ ಟೇಲರಕ್ಕ ನಗೆಪಾಟಲಾಗಿದ್ದಳು. ಬೀದಿಯ ನಲವತ್ತೆರಡು ಮನೆಗಳನ್ನು ತನ್ನ ಟೇಪಿನಲ್ಲಿ ಒಬ್ಬಳೇ ಅಳೆದು ಪಟ್ಟಿ ಮಾಡಿ ಕೊಟ್ಟಿದ್ದಳು. ಎಂಜಿನಿಯರ್ ತಮ್ಮ ನಕ್ಷೆಗಳ ಪಕ್ಕ ಅದನ್ನಿಟ್ಟುಕೊಂಡು ತಲೆಯೆತ್ತಿದರು.

“ಏನಮ್ಮಾ, ಪ್ರತಿ ಗೋಡೆನೂ ನಮ್ಮ ಲೆಕ್ಕಕ್ಕಿಂತ ಒಂದೂವರೆ ಇಂಚು ಜಾಸ್ತಿ ಇದೆ. ಒಂದಲ್ಲ ಎರಡಲ್ಲ, ಎಲ್ಲಾನೂ.”

ಆಕೆ ಹಾಳೆ ನೋಡಿದಳು. ತಪ್ಪು ಹೊಳೆಯಿತು. “ಕೈ ರೂಢಿ ಸಾರ್. ಹೊಲಿಗೆಗೆ ಅಂತ ಸ್ವಲ್ಪ ಸೇರಿಸೇ ಬರೀತೀನಿ. ಮಕ್ಕಳು ಬೆಳೀತಾರಲ್ಲ, ಆಮೇಲೆ ಬಿಚ್ಚಿ ದೊಡ್ಡದು ಮಾಡ್ಕೊಡಬಹುದು.”

“ಮನೆ ಬೆಳೆಯುತ್ತೇನಮ್ಮಾ?”

ಸಭೆ ನಕ್ಕಿತು. ನಗು ಮುಗಿಯುವವರೆಗೆ ಕಾದು ಆಕೆ ಹೇಳಿದಳು: “ಬೆಳೀತಿದೆ ಅಂತಾನೇ ಅಲ್ವಾ ಸಾರ್ ನಾನು ಬಂದಿರೋದು.”

ಮರುದಿನದಿಂದ ಗಂಡನನ್ನು ಎಳೆದುಕೊಂಡು ನಲವತ್ತೆರಡನ್ನೂ ಮತ್ತೆ ಅಳೆದಳು. ಟೇಪಿನ ಒಂದು ತುದಿ ಆತ ಹಿಡಿದ. ಪ್ರತಿ ಅಂಕಿಯನ್ನೂ ಗಟ್ಟಿಯಾಗಿ ಕೂಗಿ, ಬರೆಯುವ ಮೊದಲು “ಹೊಲಿಗೆ ಸೇರಿಸಿಲ್ಲ ತಾನೇ?” ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಎರಡನೇ ಸಲ ಎಂಜಿನಿಯರಿಗೆ ಒಂದು ತಪ್ಪೂ ಸಿಗಲಿಲ್ಲ. ಬದಲಿಗೆ ತುದಿಮನೆಯ ನಕ್ಷೆಯಲ್ಲಿ ತೋರಿಸದ ನೂರ ಎಂಬತ್ತು ಚದರಡಿಯ ಕೋಣೆಯೊಂದು ಸಿಕ್ಕಿತು. ಆಮೇಲೆ ಸಭೆಯಲ್ಲಿ ಯಾರೂ ನಗಲಿಲ್ಲ.

*

ಶವವಾಹನದ ಚಾಲಕನಿಗೆ ಟೇಲರಕ್ಕನ ಗಂಡನೇ ದಾರಿ ಹೇಳಿದ. “ನಗರಸಭೆ ಮೇಲಿಂದ ಹೋಗೋಣ. ಅಲ್ಲಿ ಅರ್ಧ ಗಂಟೆ ಸ್ಟಾಪು.”

“ಯಜಮಾನ್ರೇ, ಇದು ಬಸ್ಸಲ್ಲ.”

“ಗೊತ್ತಪ್ಪ. ಬಸ್ಸಾಗಿದ್ರೆ ನಾನೇ ಓಡಿಸ್ತಿದ್ದೆ.”

ಬೀದಿಯವರು ಹಿಂದೆ ನಡೆದರು. ಅಣ್ಣ ಗಾಡಿಯಲ್ಲಿ ಪೆಟ್ಟಿಗೆಯ ಪಕ್ಕ ಕೂತರು. ನಗರಸಭೆಯ ಮುಂದೆ ಗಾಡಿ ನಿಂತಾಗಲೂ ಇಳಿಯಲಿಲ್ಲ. “ಇವಳನ್ನ ಒಂಟಿ ಬಿಟ್ಟು ನಾನು ಬರೋಲ್ಲ. ನೀವು ಹೋಗಿ ಕುಣೀರಿ,” ಎಂದರು.

ಒಳಗೆ ಅರವತ್ತು ಜನಕ್ಕೆ ಕುರ್ಚಿ ಸಾಲದೆ ಅರ್ಧ ಜನ ಗೋಡೆಗೊರಗಿ ನಿಂತರು. ಗುಮಾಸ್ತ ಟೇಲರಕ್ಕನ ಹೆಸರು ಕೂಗಿದ. ಎರಡನೇ ಸಲ ಕೂಗಿದ. ಗಂಡ ಮೂವತ್ತು ವರ್ಷ ಬಸ್ಸಿನಲ್ಲಿ ಜನರಿಗೆ ಬೆನ್ನು ಕೊಟ್ಟು ಕೂತು ದುಡಿದವನು. ತುಂಬಿದ ಸಭೆಯಲ್ಲಿ ಎಂದೂ ಬಾಯಿ ಬಿಟ್ಟವನಲ್ಲ. ಮಗಳು ಮೊಣಕೈ ಹಿಡಿದಳು. ಮೂರನೇ ಕೂಗು ಮುಗಿಯುವ ಮೊದಲು ಎದ್ದು ನಿಂತ.

“ಅವಳು ಹೊರಗಿದ್ದಾಳೆ,” ಎಂದ. “ನಾನು ಅವಳ ಗಂಡ. ಅದೇ ಮನೆ. ಅಳೆಯುವಾಗ ಟೇಪು ಹಿಡಿದವನು ನಾನೇ. ಅಂಕಿ ಎಲ್ಲಾ ಸರಿ ಇದೆ.”

ಅಧ್ಯಕ್ಷೆ ವಿಷಯವನ್ನು ಮತಕ್ಕೆ ಹಾಕಿದರು. ಪರ ಒಂಬತ್ತು, ವಿರುದ್ಧ ಆರು.

ಸಾವಿಗೆಂದು ಹೊರಟು ಬಂದವರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಎಲ್ಲರೂ ಆತನ ಮುಖ ನೋಡಿದರು. ಆತನೇ ಮೊದಲು ಚಪ್ಪಾಳೆ ತಟ್ಟಿದ. ನರ್ಸಮ್ಮ ತಟ್ಟಿದಳು. ಆಮೇಲೆ ಅರವತ್ತು ಜನರೂ, ಕಿಟಕಿಯ ಗಾಜು ಅದುರುವಂತೆ.

ಮಗಳು ಹೊರಗೆ ನೋಡಿದಳು. ಸೋದರಮಾವ ಗಾಡಿಯಿಂದ ಇಳಿದಿದ್ದರು. ತೆರೆದ ಹಿಂಬಾಗಿಲಿನೊಳಕ್ಕೆ ಬಗ್ಗಿ, ತಂಗಿಯ ಪೆಟ್ಟಿಗೆಯ ಎದುರಿಗೇ, ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.