ಒರೆಸಿದ ಕೈ

"ದೂರ ನಿಂತ್ಕೊಳ್ಳೇ, ಹೊಲಸು ಮುಂಡೇದೇ. ಎಂದಾದ್ರೂ ಮೈ ತೊಳೀತೀಯಾ?"

ಬಣ್ಣದ ಕಾರ್ಖಾನೆಯ ಡಾಕ್ಟರು ಹುಡುಗಿಯ ತೋಳನ್ನು ಮುಟ್ಟಲಿಲ್ಲ, ಪೆನ್ನಿನ ತುದಿಯಿಂದ ತಿರುಗಿಸಿ ನೋಡಿದರು. ಮೊಣಕೈವರೆಗೂ ಕೆಂಪು ಗುಳ್ಳೆ, ಕೆರೆದು ಕೆರೆದು ಕೀವಾಗಿತ್ತು.

"ಕಜ್ಜಿ. ಎಲ್ರಿಗೂ ಅಂಟಿಸ್ತಾಳೆ. ಮುಲಾಮು ಹಚ್ಕೋ. ಸೋಮವಾರಾನೂ ಹೀಗೇ ಇದ್ರೆ ಗೇಟಿಂದ ಆಚೆ."

ಬಾಗಿಲಲ್ಲಿ ಸ್ಪಿರಿಟ್ಟಿನ ಹತ್ತಿ ಹಿಡಿದು ನಿಂತಿದ್ದ ಆಯಾ ತಲೆ ತಗ್ಗಿಸಿದಳು. ಹುಡುಗಿ ಅವಳ ತಂಗಿಯ ಮಗಳು. ತಾಯಿ ಸತ್ತ ಮೇಲೆ ಕೈಹಿಡಿದು ಬಣ್ಣದ ತೊಟ್ಟಿಯ ಕೆಲಸಕ್ಕೆ ಸೇರಿಸಿದವಳೂ ಅವಳೇ.

ಡಾಕ್ಟರ ಮೇಜಿನ ಬಿಳಿ ಬಟ್ಟೆಗೆ ಕಲೆಯಾಗಬಾರದು. ಹಾಗಾಗಿ ಒಳಗೆ ಹೋಗುವವರ ಕೈಗೆ ಮೆತ್ತಿದ ನೀಲಿ ಬಣ್ಣವನ್ನೆಲ್ಲ ಉಜ್ಜಿ ತೆಗೆಯುವುದು ಆಯಾಳ ಕೆಲಸ. ಈಗಷ್ಟೇ ಈ ತೋಳನ್ನೂ ಉಜ್ಜಿದ್ದಳು. ಅಚ್ಚುಕಟ್ಟಾಗಿ ಉಜ್ಜುತ್ತಾಳೆಂದು ಹೆಸರು ಬೇರೆ, ದರಿದ್ರ ಹೆಸರು.

ಆ ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಹುಡುಗಿ ಕೇಳಿದಳು. "ದೊಡ್ಡಮ್ಮಾ, ಕಜ್ಜಿಯಾದ್ರೆ ಪಕ್ಕದಲ್ಲೇ ಮಲಗೋ ನಿಂಗ್ಯಾಕೆ ಅಂಟಿಲ್ಲ?"

ಆಯಾ ಅವಳ ತೋಳನ್ನು ನೋಡಿದಳು. ಬಣ್ಣ ಎಲ್ಲಿಗೆ ನಿಲ್ಲುತ್ತದೋ ಗುಳ್ಳೆಯೂ ಅಲ್ಲಿಗೇ ನಿಲ್ಲುತ್ತದೆ, ಕೂದಲೆಳೆಯಷ್ಟೂ ಮೇಲೆ ಹೋಗುವುದಿಲ್ಲ. ಎಷ್ಟೋ ತೋಳುಗಳಲ್ಲಿ ಅದನ್ನು ಕಂಡಿದ್ದಳು, ಕಂಡೂ ಉಜ್ಜಿಹಾಕಿದ್ದಳು. ಹೊಟ್ಟೆಪಾಡು ಅಂತ ತನಗೆ ತಾನೇ ಹೇಳಿಕೊಂಡಿದ್ದಳು. ಕಜ್ಜಿಯೆಂದು ಗೇಟಿನಾಚೆ ದಬ್ಬಿಸಿಕೊಂಡವರ ಮುಖಗಳು ಈಗ ಒಂದೊಂದಾಗಿ ಕಣ್ಣಿಗೆ ಕಟ್ಟಿದವು.

"ಪಾಪಿ ಮುಂಡೆ ನಾನು."

"ಏನಂದೆ?"

"ಏನಿಲ್ಲ. ಉಣ್ಣು."

ಸೋಮವಾರ ಹುಡುಗಿ ಬಣ್ಣದ ತೊಟ್ಟಿಯಿಂದ ನೇರ ಬಂದು, ಒರೆಸಲೆಂದು ಕೈ ಚಾಚಿದಳು. ಆಯಾ ಹತ್ತಿಯನ್ನು ಕಸದ ಬುಟ್ಟಿಗೆ ಎಸೆದು ಅವಳನ್ನು ಹಾಗೇ ಒಳಗೆ ಕರೆದೊಯ್ದಳು.

"ಮೇಜಿನ ಮೇಲಿಡು ಕೈನ," ಎಂದಳು ಹುಡುಗಿಗೆ.

ನೀಲಿ ಬಿಳಿ ಬಟ್ಟೆಗೆ ಇಳಿಯಿತು. ಡಾಕ್ಟರು ದಡಕ್ಕನೆ ಎದ್ದರು. "ಕಣ್ಣು ಇಂಗಿಹೋಗಿದೆಯೇನೇ ಮುದುಕಿ? ಒರೆಸು."

"ಒರೆಸಲ್ಲ. ಗುಳ್ಳೆ ಎಲ್ಲಿಗೆ ನಿಂತಿದೆ ನೋಡಿ ಸ್ವಾಮಿ."

ಅವರು ನೋಡಲಿಲ್ಲ. ಎಂದೋ ನೋಡಿಯಾಗಿತ್ತೇನೋ, ಯಾರಿಗೆ ಗೊತ್ತು. "ಒರೆಸದಿದ್ರೆ ನೀನೂ ಗೇಟಿಂದ ಆಚೆ."

"ಹೋಗ್ತೀನಿ." ಆಯಾ ಬಾಗಿಲಿಗೆ ತಿರುಗಿ, ಹೊರಗೆ ಸಾಲಾಗಿ ಕೂತಿದ್ದ ಹೆಂಗಸರನ್ನು ಕೂಗಿದಳು. "ಬನ್ರೇ ಒಳಗೆ. ಯಾರೂ ಕೈ ಒರೆಸ್ಕೋಬೇಡಿ."

ಮೊದಲು ಯಾರೂ ಅಲುಗಲಿಲ್ಲ. ಆಮೇಲೆ ಒಬ್ಬಳು ಎದ್ದು ಬಂದಳು. ಎರಡೂ ಅಂಗೈಯನ್ನು ಬಿಳಿ ಬಟ್ಟೆಗೆ ಒತ್ತಿ, ಡಾಕ್ಟರ ಕಡೆ ನೋಡದೆ ಆಯಾಳ ಮುಖವನ್ನೇ ನೋಡಿದಳು.

"ಕಜ್ಜಿ ಅಂತ ಆಚೆ ಹಾಕಿದ್ರಲ್ಲ ನಮ್ಮಕ್ಕನ್ನ, ಅವಳ ಕೈನೂ ನೀನೇ ಅಲ್ವಾ ಒರೆಸಿದ್ದು?"

"ಹೂಂ," ಎಂದಳು ಆಯಾ. "ನಾನೇ."