ಬಾಯಿಗೆ ಅಕ್ಕಿ

ಭಾಗ್ಯಮ್ಮ ಮೂರನೆಯ ಸಲ ಸಾಲು ಬಿಟ್ಟು ಹಿಂದಕ್ಕೆ ಸರಿದಳು. ಅಂಗಳದಲ್ಲಿ ಮುನಿತಾಯಮ್ಮನ ಹೆಣವನ್ನು ಗೋಡೆಗೊರಗಿಸಿ ಕೂರಿಸಿದ್ದರು. ನಾಲ್ಕು ದಿನ ಆಸ್ಪತ್ರೆಯಲ್ಲಿ ನರಳಿ ನಿನ್ನೆ ತೀರಿಕೊಂಡ ಜೀವ. ಹೆಂಗಸರು ಒಬ್ಬೊಬ್ಬರಾಗಿ ಬಂದು ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕಿ, ಕೈಮುಗಿದು, ಪಕ್ಕಕ್ಕೆ ಹೋಗುತ್ತಿದ್ದರು. ಅಕ್ಕಿಯ ತಟ್ಟೆ ಹಿಡಿದು ನಿಂತಿದ್ದವಳು ಭಾಗ್ಯಮ್ಮನ ಮಗಳು ಭಾನುಪ್ರಿಯಾ. ಮಕ್ಕಳಿಲ್ಲದ ಮುನಿತಾಯಮ್ಮನಿಗೆ ಆ ತಟ್ಟೆ ಹಿಡಿಯಬೇಕಾದವಳು ಅವಳೇ ಎಂದು ಊರು ಕೇಳದೆಯೇ ಒಪ್ಪಿಕೊಂಡಿತ್ತು.

"ಬಾರೆ ಭಾಗ್ಯ, ಹೊತ್ತಾಯ್ತು. ಗುಂಡಿ ತೋಡಿದೋರು ಕಾಯ್ತಾವ್ರೆ," ಎಂದಳು ಮಾರಕ್ಕ. ಅವಳು ಸತ್ತವಳ ತಂಗಿ. ಅಕ್ಕತಂಗಿ ಇಬ್ಬರೂ ಹದಿನೈದು ವರ್ಷ ಈ ಊರಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದವರು.

"ಬರ್ತೀನಿ ಕಣಕ್ಕ, ಕಾಲು ಹಿಡ್ಕೊಂಡೈತೆ."

ಕಾಲಿಗೇನೂ ಆಗಿರಲಿಲ್ಲ. ಆ ತಟ್ಟೆಯ ಅಕ್ಕಿಗೆ ಕೈಹಾಕಲು ಭಾಗ್ಯಮ್ಮನಿಗೆ ಮುಖವಿರಲಿಲ್ಲ. ನಾಲ್ಕು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡ ಮಾತೊಂದಿತ್ತು. ಅದು ಗೊತ್ತಾದರೆ ಮಗಳು ತನ್ನ ಮುಖ ನೋಡುವುದಿಲ್ಲ ಎಂಬ ಭಯ ಅವಳನ್ನು ಹಣ್ಣು ಮಾಡಿತ್ತು.

*

ಕೊರೋನಾ ವರ್ಷ ಶಾಲೆ ಮುಚ್ಚಿತು. ಬಿಸಿಯೂಟದ ಅಕ್ಕಿಬೇಳೆಯನ್ನು ಮಕ್ಕಳ ಮನೆಗೇ ಹಂಚಬೇಕೆಂದಾಯಿತು. ಮೇಷ್ಟ್ರು ಬರಲು ಬಸ್ಸಿಲ್ಲ. ಕೆಲಸ ಮುನಿತಾಯಮ್ಮನ ತಲೆಗೆ ಬಿತ್ತು. ಅವಳು ತಾನೇ ಒಂದು ಕಾನೂನು ಮಾಡಿದಳು: ಮಗು ದಿನಕ್ಕೊಂದು ಹಾಳೆ ಬರೆದು ತಂದರೆ ಆ ದಿನದ ಅಕ್ಕಿ, ಇಲ್ಲದಿದ್ದರೆ ಇಲ್ಲ. ಅವಳಿಗೇನು ಓದು ಬರುತ್ತಿತ್ತೇ? ಬರೆದದ್ದರ ಮೇಲೆ ಗೇಣು ಹಾಕಿ ಅಳೆಯುತ್ತಿದ್ದಳು. ಗೇಣಿಗೆ ಕಡಿಮೆ ಬಿದ್ದರೆ, "ಇನ್ನೂ ಬೆಂದಿಲ್ಲ, ಹೋಗು," ಎಂದು ವಾಪಸ್ಸು ಅಟ್ಟುತ್ತಿದ್ದಳು.

ಭಾನು ಆಗ ಏಳನೇ ಕ್ಲಾಸು. ಹೊರದೇಶಕ್ಕೆ ಹೂವು ಒಯ್ಯುವ ವಿಮಾನ ಮತ್ತೆ ಶುರುವಾಗಿ ಹೂವಿನ ಫಾರಂನಲ್ಲಿ ಗುಲಾಬಿ ಕಟ್ಟಲು ಆಳು ಸಾಲದೆ, ಭಾಗ್ಯಮ್ಮ ಮಗಳನ್ನೂ ಜೊತೆಗೆ ಕರೆದೊಯ್ಯತೊಡಗಿದ್ದಳು. ಹಾಳೆ ಬರೆಯುವವರು ಯಾರು?

"ನಿನ್ ಮಗಳ ಕೈತುಂಬ ಮುಳ್ಳೈತೆ, ಪೆನ್ನೆಲ್ಲೈತೆ? ಅಕ್ಕಿ ಕೊಡಲ್ಲ, ಹೋಗೆ," ಎಂದಳು ಮುನಿತಾಯಮ್ಮ.

"ಅದೇನು ನಿಮ್ಮಪ್ಪನ ಮನೆ ಅಕ್ಕೀನಾ?"

"ನಿಮ್ಮಪ್ಪಂದೂ ಅಲ್ಲ. ಮಗೂದು. ಮಗೂನ ಕಳ್ಸು."

ಎಂಟು ದಿನ ಕೊಡಲಿಲ್ಲ. ಒಂಬತ್ತನೆಯ ದಿನ ಭಾಗ್ಯಮ್ಮ ದೊಡ್ಡಬೆಳವಂಗಲಕ್ಕೆ ಹೋಗಿ, ಹೆಸರು ಹಾಕದೆ ಒಂದು ದೂರಿನ ಅರ್ಜಿ ಬರೆಸಿ ಮೇಲಿನವರಿಗೆ ಕಳಿಸಿಬಿಟ್ಟಳು. ತಿಂಗಳೊಳಗೆ ಮುನಿತಾಯಮ್ಮನ ಕೆಲಸ ಹೋಯಿತು. ಐವತ್ತೆಂಟನೆಯ ವಯಸ್ಸಿನಲ್ಲಿ ಅವಳು ರಾಗಿ ಹೊಲಕ್ಕೆ ಕಳೆ ಕೀಳುವ ಕೂಲಿಗೆ ಹೋದಳು.

ಹಾಗಂತ ಸುಮ್ಮನಿರುವ ಹೆಂಗಸಲ್ಲ. ಕೊಡಲು ಅಕ್ಕಿಯಿಲ್ಲ, ಕೇಳಲು ಅಧಿಕಾರವಿಲ್ಲ. ಆದರೂ ದಿನಾ ಸಂಜೆ ಹೊಲದಿಂದ ನೆಟ್ಟಗೆ ಭಾಗ್ಯಮ್ಮನ ಬಾಗಿಲಿಗೆ ಬಂದು, "ಭಾನೂ, ಹಾಳೆ ತೋರ್ಸು," ಎಂದು ಕೂತುಬಿಡುತ್ತಿದ್ದಳು. ಗೇಣು ತುಂಬದೆ ಏಳುತ್ತಿರಲಿಲ್ಲ. ಕೊನೆಗೆ ಭಾಗ್ಯಮ್ಮನೇ ಸೋತು ಮಗಳಿಗೆ ಫಾರಂ ಬಿಡಿಸಿದಳು. ಆ ಮಗಳು ಈಗ ದೊಡ್ಡಬಳ್ಳಾಪುರದಲ್ಲಿ ಪಿಯುಸಿ ಓದುತ್ತಿದ್ದಾಳೆ.

*

ಸಾಲು ಕರಗಿ ಭಾಗ್ಯಮ್ಮನೊಬ್ಬಳೇ ಉಳಿದಳು. ತಮಟೆಯವರು ಎದ್ದು ನಿಂತರು. ಭಾನು ತಟ್ಟೆಯನ್ನು ಮುಂದೆ ಚಾಚಿದಳು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು.

"ನನ್ ಕೈಲಾಗಲ್ಲ ಕಣೆ ಭಾನು," ಎಂದಳು ಭಾಗ್ಯಮ್ಮ. "ಈವಮ್ಮನ ಕೆಲಸ ತೆಗೆಸಿದ್ದು ನಾನೇ. ಆ ಅರ್ಜಿ ಹಾಕ್ಸಿದ್ದು ನಾನೇ."

ತಟ್ಟೆ ಅಲುಗಿತು. ಭಾನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಮಾರಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವಳಿಗೆ ಗೊತ್ತಿತ್ತು. ಎಂಟು ದಿನ ಅಕ್ಕಿ ಕೊಟ್ಟಿಲ್ಲ ಅಂತ ಅರ್ಜೀಲಿತ್ತಂತೆ. ಎಂಟು ದಿನ ನಿಲ್ಸಿದ್ದು ನಿಮ್ಮನೆಗೊಂದೇ."

"ಏನಂದ್ಲಕ್ಕ?"

"ಏನಂತಾಳೆ? ಬೈದ್ಲು. ನಿಮ್ಮನೆಯಿಂದ ಬಂದು ಕೈಕಾಲು ತೊಳ್ಕೊಳ್ವಾಗ ದಿನಾ ಬೈತಿದ್ಲು. ಮೊನ್ನೆ ಆಸ್ಪತ್ರೇಲೂ ಬೈದ್ಲು. ಕ್ಷಮಿಸಿದ್ಲು ಅಂತ ನಾನು ಸುಳ್ಳು ಹೇಳಲ್ಲ ಭಾಗ್ಯ. ಹಾಕು, ಎತ್ತಬೇಕು."

ಭಾಗ್ಯಮ್ಮ ನಾಲ್ಕು ಕಾಳು ತೆಗೆದುಕೊಂಡು ಬಗ್ಗಿದಳು. ಗದ್ದಕ್ಕೆ ಬಟ್ಟೆ ಬಿಗಿದು ಕಟ್ಟಿದ್ದ ಬಾಯಿ. ಕಾಳುಗಳು ತುಟಿಗೆ ತಾಗಿ ಮಡಿಲಿಗೆ ಉದುರಿದವು. ಭಾಗ್ಯಮ್ಮ ಕೈ ಹಿಂದಕ್ಕೆಳೆದುಕೊಂಡಳು.

ಭಾನು ತಟ್ಟೆಯನ್ನು ನೆಲಕ್ಕಿಟ್ಟಳು. ಅಮ್ಮನ ಕಡೆ ನೋಡದೆ, ಮುನಿತಾಯಮ್ಮನ ಸೀರೆಯ ನಿರಿಗೆಯೊಳಗಿಂದ ಕಾಳುಗಳನ್ನು ಒಂದೊಂದೇ ಹೆಕ್ಕಿ, ಅಮ್ಮನ ಅಂಗೈಗೆ ಹಾಕಿ, ಆ ಕೈಯನ್ನು ಹಿಡಿದು ಹೆಣದ ಬಾಯಿಯವರೆಗೂ ಒಯ್ದಳು.